ಬಿಟ್ಟಿ ಶಾಖ

ಶಾಂತಮೂರ್ತಿ ಆ ಮಂಗಳವಾರ ಬೆಳಿಗ್ಗೆ ಎದ್ದವನೇ ದೇವರ ಪಟ ನೋಡುವ ಬದಲು ಕರೆಂಟ್ ಮೀಟರ್ ನೋಡಿದ. ಅವನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು. ಹೋದ ಸಲ ಬಿಲ್ ಬಂದ ಮೇಲೆ ಅವತ್ತಿನವರೆಗೆ ಉರಿದಿದ್ದ ಕರೆಂಟು ನೂರಾ ತೊಂಬತ್ತೊಂದು ಯೂನಿಟ್. ಇನ್ನೂರರೊಳಗಿದ್ದರೆ ಸರ್ಕಾರದ ಬಿಟ್ಟಿ ಕರೆಂಟು, ಬಿಲ್ಲಿನಲ್ಲಿ ಸೊನ್ನೆ. ದಾಟಿತೋ, ಮೊದಲನೇ ಯೂನಿಟ್ಟಿನಿಂದ ಹಿಡಿದು ಪೂರ್ತಿ ಕಕ್ಕಬೇಕು. ಮೀಟರ್ ಓದುವ ಮಾದೇಶ ಬರುವುದು ಅವತ್ತೇ ಸಂಜೆ.

ಹೋದ ತಿಂಗಳು ಅವನು ದಾಟಿದ್ದು ಬರೀ ನಾಲ್ಕು ಯೂನಿಟ್. ಅಷ್ಟು ದುಃಖ ಅವನಿಗೆ ಅಪ್ಪ ಸತ್ತಾಗಲೂ ಆಗಿರಲಿಲ್ಲ ಎಂದು ಊರವರು ಆಡಿಕೊಂಡರು. ಅಂದಿನಿಂದ ಚಟ್ನಿ ಒರಳಿಗೆ ಬಂತು, ಸ್ನಾನದ ನೀರು ಹಿತ್ತಲಿನ ಒಲೆಗೆ ಹೋಯಿತು, ಮೊಬೈಲು ಚಾರ್ಜ್ ಆಗುತ್ತಿದ್ದದ್ದು ಪಂಚಾಯ್ತಿ ಆಫೀಸಿನ ಗೋಡೆಯಲ್ಲಿ. ಇಷ್ಟೆಲ್ಲ ಮಾಡಿದರೂ ಒಂದಕ್ಕೆ ಮಾತ್ರ ಅವನ ಕೈ ಎಟುಕಿರಲಿಲ್ಲ. ಅದು ಹುಳು ಕೋಣೆಯ ಹೀಟರು.

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ಎರಡು ಮೈಲಿ ನಡೆದರೆ ಸಿಗುವ ಆ ಊರಿನಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು. ಶಾಂತಮೂರ್ತಿಯ ಮನೆಯಲ್ಲಿ ಪಡಸಾಲೆಗೂ ಹುಳು ಕೋಣೆಗೂ ನಡುವೆ ಎದೆಮಟ್ಟದ ಗೋಡೆ, ಅದರ ಮೇಲೆ ನೊಣ ಬರದ ಹಾಗೆ ಸೂರಿನವರೆಗೆ ನೈಲಾನ್ ಪರದೆ, ಅಷ್ಟೆ. ಹುಳು ಸಾಕುವುದೆಲ್ಲ ಹೆಂಡತಿ ಬಸವಮ್ಮನ ಕೈಯಲ್ಲಿ. ಆ ವಾರ ಮದ್ರಾಸಿನ ಕಡೆ ಎಲ್ಲೋ ಸಮುದ್ರದಲ್ಲಿ ಸೈಕ್ಲೋನ್ ಎದ್ದು, ಇಲ್ಲಿ ಮೂರು ದಿನದಿಂದ ಜಿಟಿಜಿಟಿ ಮಳೆ. ಬಿಸಿಲಿನ ಮುಖವೇ ಇಲ್ಲ. ಮನುಷ್ಯರು ಕಂಬಳಿ ಹೊದ್ದರು. ಹುಳುವಿಗೆ ಕಂಬಳಿ ಹೊದಿಸಲಾಗುತ್ತದೆಯೆ? ಹೀಟರು ಹಗಲು ರಾತ್ರಿ ಉರಿಯಿತು, ಗಂಟೆಗೆ ಎರಡು ಯೂನಿಟ್ಟಿನ ಹಾಗೆ.

ಒಂಬತ್ತು ಗಂಟೆಗೆ ಬಸವಮ್ಮ ರೇಷ್ಮೆ ಸೀರೆ ಉಟ್ಟು ಹೊರಟು ನಿಂತಳು. ಹನೂರಿನಲ್ಲಿ ತಂಗಿಯ ಮಗಳ ಸೀಮಂತ.

"ನೋಡಿ, ಉಳ ನಾಕ್ನೇ ಜ್ವರಕ್ಕ ಪೊರೆ ಬುಟ್ಟು ಎದ್ದು ಆರ್ ದಿನ ಆಯ್ತು. ಇವತ್ತೋ ನಾಳೆನೋ ಹಣ್ಣಾಗಿ ಗೂಡು ಕಟ್ಟಕ್ಕೆ ತಲೆ ಎತ್ತವೆ. ಇಪ್ಪತ್ನಾಕ್ ಡಿಗ್ರಿ ಇರ್ಬೇಕು. ಇಳೀತು ಅಂದ್ರ ಸೊಪ್ಪು ಮುಟ್ಟಲ್ಲ. ಓದ್ ಬೆಳೆಲಿ ರಾತ್ರಿ ಎದ್ದು ಕದ್ದು ಹೀಟರ್ ಆರಿಸಿ ಅರ್ಧಕ್ಕರ್ಧ ತಿಪ್ಪೆಗ ಸುರ್ಸಿದ್ರಿ. ನೆಪ್ಪದಾ?"

"ಅದ್ಯಾಕ ಈಗ?"

"ಯಾಕಂದ್ರ, ಈ ಬೆಳೆನೂ ಕೆಟ್ರ ನಾನು ಇನ್ನು ಉಳ ಮುಟ್ಟಲ್ಲ. ಮಾದಪ್ಪನಾಣೆಗೂ ಮುಟ್ಟಲ್ಲ. ನೀವು ಕೂಲಿಗ ಓಗಿ, ನಾನು ಕಾಲು ಚಾಚ್ಕಂಡು ಟೀವಿ ನೋಡ್ತೀನಿ."

ಬಸವಮ್ಮ ಮಾದಪ್ಪನ ಆಣೆ ಹಾಕಿದಳೆಂದರೆ ಮುಗಿಯಿತು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಎರಡೇ ಸಲ ಹಾಕಿದ್ದಳು. ಎರಡು ಸಲವೂ ಶಾಂತಮೂರ್ತಿ ಸೋತಿದ್ದ.

ಅವಳ ಬಸ್ಸು ಹೋಯಿತು. ಇವನು ಮೀಟರ್ ಹತ್ತಿರ ಓಡಿದ. ನೂರಾ ತೊಂಬತ್ತಾರು! ಮಾದೇಶ ಬರುವುದು ಐದು ಗಂಟೆಗೆ. ಅಲ್ಲಿಯವರೆಗೆ ಹೀಟರು ಉರಿದರೆ ಹೆಚ್ಚುಕಡಿಮೆ ಹದಿನಾರು ಯೂನಿಟ್. ಉರಿಸಿದರೆ ಬಿಲ್ಲು, ಆರಿಸಿದರೆ ಬಸವಮ್ಮ. ಶಾಂತಮೂರ್ತಿ ಎರಡು ನಿಮಿಷ ನಿಂತು ಯೋಚಿಸಿ ಹೀಟರು ಆರಿಸಿದ. ಹೆಂಡತಿ ಹನೂರಿನಲ್ಲಿದ್ದಳು, ಮೀಟರು ಕಣ್ಣೆದುರಿಗಿತ್ತು.

ಆರಿಸಿ ಸುಮ್ಮನೆ ಕೂರಲಿಲ್ಲ, ಪಾಪ. ಕಿಟಕಿಗಳಿಗೆ ಗೋಣಿಚೀಲ ತುರುಕಿದ. ಬಾಗಿಲ ಸಂದಿಗೆ ಹಳೇ ಪಂಚೆ ಸುತ್ತಿಟ್ಟ. ಆದರೂ ಗೋಡೆಯ ಥರ್ಮಾಮೀಟರು ಅರ್ಧ ಗಂಟೆಗೆ ಇಪ್ಪತ್ಮೂರಕ್ಕೆ ಬಂತು, ಇನ್ನರ್ಧ ಗಂಟೆಗೆ ಇಪ್ಪತ್ತೆರಡು. ಹಿತ್ತಲ ಒಲೆಯಿಂದ ಬಾಣಲೆ ತುಂಬ ಕೆಂಡ ತಂದು ಕೋಣೆ ನಡುವೆ ಇಟ್ಟ. ಕೆಂಡದ ಜೊತೆ ಒಂದು ಹಸಿ ಸೌದೆ ಕೊಂಟೆಯೂ ಬಂದಿತ್ತು. ಐದು ನಿಮಿಷದಲ್ಲಿ ಹೊಗೆ ಸೂರು ಮುಟ್ಟಿತು. ಸೊಪ್ಪು ಮೇಯುತ್ತಿದ್ದ ಹುಳುಗಳು ಮೇಯುವುದು ಬಿಟ್ಟು ತಲೆ ಆಡಿಸತೊಡಗಿದವು.

"ಏನಯ್ಯಾ, ಹುಳುಗೆ ಸಾಂಬ್ರಾಣಿ ಹಾಕ್ತಿದ್ದೀಯಾ?" ಎನ್ನುತ್ತ ಪಕ್ಕದ ಮನೆಯ ಕೆಂಪನಂಜಪ್ಪ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ರಿಟೈರ್ ಆದವರು. ಮಕ್ಕಳು ಸಿಗದ ಕಾರಣ ಈಗ ಊರಿಗೆಲ್ಲ ಪಾಠ. "ತೆಗಿ ಮೊದ್ಲು ಅದನ್ನ! ಹೊಗೆ ಆಗಲ್ಲ, ಗಾಟು ಆಗಲ್ಲ. ನಿನ್ನ ಹೆಂಡ್ತಿ ಇಲ್ವಾ?"

ಬಾಣಲೆ ಹೊರಗೆ ಹೋಯಿತು. ಕಿಟಕಿಯ ಗೋಣಿ ತೆಗೆದು ಹೊಗೆ ಬಿಡುವಷ್ಟರಲ್ಲಿ ಇದ್ದಬದ್ದ ಶಾಖವೂ ಹೊಗೆಯ ಹಿಂದೆಯೇ ಹೋಯಿತು. ಇಪ್ಪತ್ತೊಂದು! ಶಾಂತಮೂರ್ತಿ ಹಲ್ಲು ಕಚ್ಚಿಕೊಂಡು ಒಂದು ಗಂಟೆ ಹೀಟರು ಹಾಕಿದ. ಇಪ್ಪತ್ತೆರಡಕ್ಕೆ ಏರಿತು, ಮೀಟರು ನೂರಾ ತೊಂಬತ್ತೆಂಟಕ್ಕೆ ಏರಿತು. ಮತ್ತೆ ಆರಿಸಿದ.

ಮೇಷ್ಟ್ರಿಗೆ ಎದ್ದು ಹೋಗುವ ಯೋಚನೆ ಇರಲಿಲ್ಲ. "ಶಾಖ ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ಲ ಕಣಯ್ಯಾ," ಎಂದು ಕುರ್ಚಿ ಎಳೆದುಕೊಂಡರು. "ಸುಮ್ನೆ ಕೂತಿರೋ ಒಬ್ಬ ಮನುಷ್ಯನ ಮೈಯಿಂದ ನೂರು ಕ್ಯಾಂಡಲ್ ಬಲ್ಬಿನಷ್ಟು ಶಾಖ ಹೊರಗೆ ಬತ್ತಾ ಇರ್ತದೆ. ಮದುವೆ ಛತ್ರದಲ್ಲಿ ಮಾಗಿ ಚಳೀಲೂ ಬೆವೆತು ಸಾಯ್ತೀವಲ್ಲ, ಯಾಕೆ ಹೇಳು?"

ಶಾಂತಮೂರ್ತಿ ಬೆರಳು ಮಡಿಚತೊಡಗಿದ. ಅವನು ಲೆಕ್ಕ ಹಾಕುತ್ತಿದ್ದ. ಒಬ್ಬರಿಗೆ ನೂರು. ಇಪ್ಪತ್ತು ಜನಕ್ಕೆ ಎರಡು ಸಾವಿರ. ಹೀಟರಿನ ಮೇಲೆ ಬರೆದಿದ್ದದ್ದೂ ಎರಡು ಸಾವಿರ. ಆಹಾ! ಹೀಟರಿಗೆ ವೈರು ಬೇಕು, ಜನಕ್ಕೆ ಬರೀ ಜಮಖಾನ ಸಾಕು. ಮೇಷ್ಟ್ರನ್ನು ಅಲ್ಲೇ ಬಿಟ್ಟು ಮಳೆಯಲ್ಲೇ ಓಡಿದ.

ಮಂಗಳವಾರ ಮಹಿಳಾ ಸಂಘದ ಮೀಟಿಂಗು. ಅಂಗನವಾಡಿಯ ಸೂರು ಸೋರುತ್ತಿತ್ತು. ಇಪ್ಪತ್ತೆರಡು ಹೆಂಗಸರು ಅದರ ಜಗಲಿಯಲ್ಲಿ ಸೆರಗು ಹೊದ್ದು ಮುದುಡಿ ನಿಂತಿದ್ದರು. ಅಧ್ಯಕ್ಷೆ ಮಹದೇವಮ್ಮ, ಇವತ್ತು ಮೀಟಿಂಗ್ ಬೇಡ, ಮನೆಗೆ ಹೋಗೋಣ ಎನ್ನುವಷ್ಟರಲ್ಲಿ ಶಾಂತಮೂರ್ತಿ ಏದುಸಿರು ಬಿಡುತ್ತ ಬಂದ.

"ಮಹದೇವಕ್ಕ, ಯಾಕ ನೆನೀತಾ ನಿಂತಿದ್ದೀರಿ? ನಮ್ಮನೆ ಪಡಸಾಲೆ ಖಾಲಿ ಅದೆ. ಎಲ್ರೂ ಬನ್ನಿ."

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಮನೆಗೆ ಕರೆಯುತ್ತಿದ್ದಾನೆ!

"ಬಸವಮ್ಮ ಉಸಾರಾಗವ್ಳಾ?" ಎಂದು ಮಹದೇವಮ್ಮ ಗಾಬರಿಯಿಂದ ಕೇಳಿದಳು.

"ಅವಳು ಅನೂರ್ಗ ಓಗವ್ಳೆ. ಬನ್ನಿ ಅಂದ್ರ ಬನ್ನಿ ಕಣಕ್ಕ. ಕಾಫಿ ಕುಡೀರಂತೆ."

ಕಾಫಿ ಎಂದದ್ದು ಬಾಯಿ ತಪ್ಪಿ. ಇಪ್ಪತ್ತೆರಡು ಜನರೂ ಅದನ್ನು ಕೇಳಿಸಿಕೊಂಡಿದ್ದರು.

ಮನೆ ಬಾಗಿಲಲ್ಲಿ ಇನ್ನೊಂದು ರಗಳೆ. ಹೊಗೆಸೊಪ್ಪಿನ ವಾಸನೆ ಹುಳುವಿಗೆ ವಿಷ. ಸಂಘದಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕದವರು ಮೂರೋ ನಾಲ್ಕೋ ಜನ. ಶಾಂತಮೂರ್ತಿ ಹೊಸ್ತಿಲಿಗೆ ಅಡ್ಡ ನಿಂತು ಎಲ್ಲರ ಎಲೆಅಡಿಕೆ ಚೀಲ ಇಸಕೊಂಡು ಹೊರಗೆ ಬುಟ್ಟಿಗೆ ಹಾಕಿಸಿದ. ಬಾಯಿ ಮುಕ್ಕಳಿಸಿ ಬರಲು ಹೇಳಿದ. ಆಮೇಲೂ ನಂಬಿಕೆ ಬರದೆ, "ಎಲ್ಲಿ, ಆ ಅನ್ನಿ," ಎಂದ.

"ನನ್ ಬಾಯಿ ನೋಡಕ್ಕ ನೀನೇನು ಡಾಕ್ಟ್ರಾ?" ಎಂದು ಶಿವಮ್ಮ ಸಿಡುಕಿದಳು. ಶಿವಮ್ಮ ಆಳಿಗೆ ತಕ್ಕ ಗಂಟಲಿನವಳು. ಆಟೋದಲ್ಲಿ ಅವಳೊಬ್ಬಳು ಕೂತರೆ ಇಬ್ಬರ ಚಾರ್ಜು ಕೇಳುತ್ತಿದ್ದರು. ಅವಳನ್ನು ಕಂಡ ಕೂಡಲೇ ಶಾಂತಮೂರ್ತಿಯ ಮುಖ ಅರಳಿತು. "ನೀನು ಇತ್ಲಾಗ್ ಬಾ ಶಿವಕ್ಕ, ಪರದೆ ಪಕ್ಕ ಕೂತ್ಕೊ," ಎಂದು ತಾನೇ ಮಣೆ ಹಾಕಿದ.

ಹೀಗೆ ದಪ್ಪಗಿದ್ದವರೆಲ್ಲ ಪರದೆಯ ಪಕ್ಕ, ಸಣ್ಣಗಿದ್ದವರು ಬಾಗಿಲ ಕಡೆ. ಬಾಗಿಲು ಮುಚ್ಚಿತು. ಮೀಟಿಂಗು ಶುರುವಾಯಿತು. ಶಾಂತಮೂರ್ತಿ ಥರ್ಮಾಮೀಟರಿನ ಎದುರು ನಿಂತ. ಹತ್ತು ನಿಮಿಷ ಅದು ಅಲುಗಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಇಪ್ಪತ್ತೆರಡೂವರೆ. ಮುಕ್ಕಾಲು ಗಂಟೆಗೆ ಇಪ್ಪತ್ಮೂರು ದಾಟಿತು. ಹುಳುಗಳು ಮತ್ತೆ ಸೊಪ್ಪಿಗೆ ಬಾಯಿ ಹಾಕಿದವು. ಕುಣಿಯಬೇಕೆನಿಸಿತು ಅವನಿಗೆ.

"ಉಬ್ಬಸ ಆಯ್ತದೆ, ಒಸಿ ಬಾಗ್ಲು ತಗೀರಿ," ಎಂದು ಯಾರೋ ತೆಗೆದರು. ಇವನು ಓಡಿ ಬಂದು ಮುಚ್ಚಿದ. ಇನ್ಯಾರೋ ತೆಗೆದರು. ಮತ್ತೆ ಮುಚ್ಚಿದ. ನಾಲ್ಕನೇ ಸಲ ಮಹದೇವಮ್ಮ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು.

ಅದುವರೆಗೆ ಮೂಲೆಯ ಕುರ್ಚಿಯಲ್ಲಿದ್ದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಮ್ಮ ಪಾಠ ಇಷ್ಟು ಬೇಗ ಫಲ ಕೊಟ್ಟದ್ದು ಅವರ ಸರ್ವೀಸಿನಲ್ಲೇ ಮೊದಲು. "ನೋಡಿದ್ರಾ ಮಹದೇವಮ್ಮ, ನಾನು ಹೇಳಿದ್ದು! ಹೀಟರ್ ಆರಿಸಿ ನಿಮ್ಮನ್ನೆಲ್ಲ ಹೀಟರ್ ಮಾಡ್ಕೊಂಡವ್ನೆ. ಕರೆಂಟೇ ಇಲ್ದೆ ಒಂದೂವರೆ ಡಿಗ್ರಿ ಏರ್ಸವ್ನೆ!"

ಪಡಸಾಲೆ ಎದ್ದು ನಿಂತಿತು. "ಅಯ್ಯೋ ನಿನ್ ಮನೆ ಕಾಯ್ವಾಗ! ಅದ್ಕಾ ನನ್ನ ಮಣೆ ಆಕಿ ಕೂರ್ಸಿದ್ದು?" ಎಂದು ಶಿವಮ್ಮ ಮಣೆಯನ್ನೇ ಕೈಗೆತ್ತಿಕೊಂಡಳು. "ಬನ್ರೇ ಓಗಾಣ," ಎಂದರು ನಾಲ್ಕು ಜನ. ಬಾಗಿಲು ಹಾರುಹೊಡೆದುಕೊಂಡಿತು. ಮಳೆಗಾಳಿ ನುಗ್ಗಿತು.

ಶಾಂತಮೂರ್ತಿಗೆ ಬೇರೆ ದಾರಿ ಕಾಣಲಿಲ್ಲ. ಹೊಸ್ತಿಲಿಗೆ ಅಡ್ಡ ಕೂತು ಎರಡು ಕೈ ಜೋಡಿಸಿದ. "ನಿಮ್ ಕಾಲಿಗ್ ಬೀಳ್ತೀನಿ ಕಣ್ರವ್ವ. ಮೀಟ್ರಲ್ಲಿ ಎರಡೇ ಯೂನಿಟ್ ಉಳ್ದದೆ. ಹೀಟರ್ ಹಾಕುದ್ರ ಬಿಲ್ಲು, ಹಾಕ್ದಿದ್ರ ಉಳ ಸಾಯ್ತವೆ. ಈ ಬೆಳೆ ಓದ್ರ ಬಸವಿ ಇನ್ನ ಉಳನೇ ಮುಟ್ಟಲ್ಲ ಅಂತ ಮಾದಪ್ಪನಾಣೆ ಹಾಕವ್ಳೆ. ಮಾದೇಶ ಬರಗಂಟ ಕೂತ್ಕಳಿ, ನಿಮ್ಮ ಉಪ್ಕಾರ ಸಾಯಗಂಟ ಮರೆಯಲ್ಲ."

ಮಹದೇವಮ್ಮ ಪರದೆಯ ಆಚೆ ನೋಡಿದಳು. ಬೆರಳು ದಪ್ಪದ ಹುಳುಗಳು, ಒಂದಕ್ಕೂ ರೋಗದ ಚುಕ್ಕೆಯಿಲ್ಲ. ಅವಳ ಮನೆಯಲ್ಲೂ ಹುಳು, ಶಿವಮ್ಮನ ಮನೆಯಲ್ಲೂ ಹುಳು. ಬೆಳೆದ ಹುಳುವನ್ನು ಚಳಿಗೆ ಬಿಟ್ಟು ಎದ್ದು ಹೋಗುವುದು ಆ ಊರಿನ ಹೆಂಗಸರಿಂದ ಆಗದ ಮಾತು.

"ಮಕ ನೋಡ್ಬ್ಯಾಡಿ, ಉಳ ನೋಡಿ," ಎಂದಳು ಮಹದೇವಮ್ಮ. "ಪಾಪ, ಬಸವಮ್ಮ ಕಷ್ಟಪಟ್ಟವ್ಳೆ. ಕೂತ್ಕಳ್ರೇ. ಬಾಗ್ಲು ಹಾಕ್ರಿ. ಸಾಂತಣ್ಣ, ಕಾಫಿ ಎಲ್ಲಿ?"

ಕಾಫಿ ಆಯಿತು. ಮಧ್ಯಾಹ್ನವಾದರೂ ಬರೀ ಕಾಫಿಯಲ್ಲಿ ಕೂರುವುದು ಹೇಗೆ? ಹಿತ್ತಲ ಒಲೆಯಲ್ಲಿ ದೊಡ್ಡ ಪಾತ್ರೆ ಉಪ್ಪಿಟ್ಟೂ ಆಯಿತು. ಒಗ್ಗರಣೆಯ ಗಾಟು ಒಳಗೆ ಬರಬಾರದೆಂದು ಶಾಂತಮೂರ್ತಿ ಮಳೆಯಲ್ಲಿ ಗೊರಗ ಹೊದ್ದು ಸೌಟಾಡಿಸಿದ. ಬಸವಮ್ಮ ಸಂಕ್ರಾಂತಿಗೆಂದು ಎತ್ತಿಟ್ಟಿದ್ದ ತುಪ್ಪ, ಗೋಡಂಬಿ ಎಲ್ಲ ಶಿವಮ್ಮನೇ ಹುಡುಕಿ ತೆಗೆದು ಕೊಟ್ಟಳು. ಎರಡು ಗಂಟೆಗೆ ಶಾಖ ಇಪ್ಪತ್ಮೂರಕ್ಕೆ ಜಾರಿದಾಗ ಮಹದೇವಮ್ಮನೇ, "ಎದ್ದೇಳ್ರೇ, ಕೋಲಾಟ ಹಾಕಾಣ," ಎಂದಳು. ಹಿಪ್ಪುನೇರಳೆ ಕಡ್ಡಿಗಳೇ ಕೋಲು. ಇಪ್ಪತ್ತೆರಡು ಜನ ಸುತ್ತು ಕಟ್ಟಿ ಪಡಸಾಲೆ ಅದುರುವಂತೆ ಕುಣಿದರು. ಹೊಡೆತ ತಾಳಕ್ಕೆ ಸರಿಯಾಗಿ ಬೀಳದಿದ್ದರೆ ಮೇಷ್ಟ್ರು ತಿದ್ದಿದರು. ಥರ್ಮಾಮೀಟರು ಇಪ್ಪತ್ತೈದು!

ಐದಕ್ಕೆ ಬರಬೇಕಾದ ಮಾದೇಶ ಬಂದದ್ದು ಐದೂ ಮುಕ್ಕಾಲಿಗೆ. ಆ ಮುಕ್ಕಾಲು ಗಂಟೆ ಶಾಂತಮೂರ್ತಿ ಮೀಟರಿನ ಕೆಳಗೆ ನಿಂತು, ಅದರ ಕೆಂಪು ದೀಪ ಮಿಣುಕ್ ಎಂದಾಗಲೆಲ್ಲ ತಾನೂ ಕಣ್ಣು ಮಿಟುಕಿಸಿದ. ಮನೆಯ ದೀಪಗಳನ್ನೆಲ್ಲ ಆರಿಸಿದ್ದರಿಂದ ಒಳಗೆ ಹೆಂಗಸರು ಕತ್ತಲಲ್ಲೇ ಹಾಡುತ್ತಿದ್ದರು. ಮಾದೇಶ ರೇನ್‌ಕೋಟಿನೊಳಗಿಂದ ಮಿಷನ್ನು ತೆಗೆದು ಒತ್ತಿದ. ಚೀಟಿ ಕಿರ್ರೆಂದು ಹೊರಬಂತು.

"ನೂರಾ ತೊಂಬತ್ತೊಂಬತ್ತು ಸಾ. ಸೊನ್ನೆ ಬಿಲ್ಲು."

ಶಾಂತಮೂರ್ತಿ ಚೀಟಿಯನ್ನು ಕಣ್ಣಿಗೊತ್ತಿಕೊಂಡ. ಅದೇ ಹೊತ್ತಿಗೆ ಬಸ್ಸಿಳಿದ ಬಸವಮ್ಮ ಮಡಿಲ ತುಂಬ ಸೀಮಂತದ ಸಿಹಿ ಕಟ್ಟಿಕೊಂಡು ಬಂದಳು. ಪಡಸಾಲೆ ತುಂಬ ಜನ ನೋಡಿ ಗಂಡನಿಗೇ ಏನೋ ಆಗಿದೆ ಎಂದುಕೊಂಡು, "ಅಯ್ಯೋ ನನ್ನ ದೊರೆ!" ಎಂದು ಚೀರಿದಳು. ಆಮೇಲೆ ಬಾಗಿಲ ಪಕ್ಕದಲ್ಲೇ ಗಂಡ ಹಲ್ಲು ಕಿರಿಯುತ್ತ ನಿಂತದ್ದು ಕಂಡಿತು. ಸಿಹಿ ಅಲ್ಲೇ ಇಟ್ಟು ಹುಳು ಕೋಣೆಗೆ ನುಗ್ಗಿದಳು.

ಹೊರಗೆ ಬಂದಾಗ ಅವಳ ಕಣ್ಣಲ್ಲಿ ನೀರಿತ್ತು. "ಹಣ್ಣಾಗ್ತಾ ಅವೆ ಕಣ್ರೀ," ಎಂದಳು. "ನಾಳೆ ಗೂಡು ಕಟ್ಟಕ್ಕ ಚಂದ್ರಿಕೆಗ ಬುಡ್ಬೋದು. ಒಂದೂ ಕೆಟ್ಟಿಲ್ಲ." ಗಂಡನನ್ನು ಹಾಗೆ ಅವಳು ನೋಡಿ ಎಷ್ಟೋ ವರ್ಷವಾಗಿತ್ತು. ಅವನು ನಡೆದದ್ದನ್ನೆಲ್ಲ ಹೇಳಿದ, ಇಲ್ಲದ್ದನ್ನೂ ಸೇರಿಸಿ ಹೇಳಿದ. ಹೊಗೆಯ ಮಾತು ಮಾತ್ರ ಎತ್ತಲಿಲ್ಲ. ಬಿಲ್ಲಿನ ಚೀಟಿಯನ್ನು ದೇವರ ಪಟಕ್ಕೆ ಸಿಕ್ಕಿಸಿದ.

ಮಹದೇವಮ್ಮ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. "ಸರಿ ಬಸವಮ್ಮ, ನಾವು ಬತ್ತೀವಿ. ಇವತ್ಗ ಇಪ್ಪತ್ತೆರಡಾಳು ಆಯ್ತು. ಮುಯ್ಯಿ ಯಾವತ್ತಿಂದ?"

"ನಾಳೆಯಿಂದ್ಲೇ," ಎಂದಳು ಬಸವಮ್ಮ, ಸಕ್ಕರೆ ಕೇಳಿದವರಿಗೆ ಸಕ್ಕರೆ ಕೊಟ್ಟಷ್ಟೇ ಸಲೀಸಾಗಿ.

ಮುಯ್ಯಾಳು ಗೊತ್ತಲ್ಲ. ಇವತ್ತು ನೀನು ನನ್ನ ಕೆಲಸಕ್ಕೆ ಒಂದಾಳು ಬಂದರೆ, ನಾಳೆ ನಿನ್ನ ಕೆಲಸಕ್ಕೆ ನನ್ನ ಮನೆಯಿಂದ ಒಂದಾಳು. ದುಡ್ಡಿನ ಮಾತಿಲ್ಲ. ಕೂಲಿ ಬಾಕಿ ಇಟ್ಟವನನ್ನು ಊರು ಮರೆತೀತು, ಮುಯ್ಯಿ ತೀರಿಸದ ಮನೆಯನ್ನು ಮರೆಯುವುದಿಲ್ಲ. ನಾಳೆ ಅಂಥ ಮನೆಯವರು ಕರೆದರೆ ಹೆಣ ಎತ್ತುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ.

"ಮುಯ್ಯಾ?" ಎಂದು ಶಾಂತಮೂರ್ತಿ ಕೂಗಿದ. "ಕಳೆ ಕಿತ್ರಾ, ನಾಟಿ ಆಕುದ್ರಾ? ಸುಮ್ನ ಕುಂತಿದ್ಕ ಮುಯ್ಯಾ?"

"ಕುಂತ್ರೂ ಆಳೇ, ನಿಂತ್ರೂ ಆಳೇ," ಎಂದಳು ಮಹದೇವಮ್ಮ. "ನಾವು ಸುಮ್ನ ಬ್ಯಾರೆ ಕುಂತಿಲ್ಲ, ಕೋಲಾಟ ಹಾಕೀವಿ. ನಮ್ ಮನೆಗೋಳಲ್ಲೂ ಉಳ ಹಿಂದಮುಂದ ಬತ್ತಾ ಅವೆ, ನಮ್ಗೂ ಕರೆಂಟ್ ಬಿಲ್ ಬತ್ತದೆ. ಇಪ್ಪತ್ತೆರಡು ಮನೆ, ಮನೆಗ ಒಂದಿನ. ಬಂದು ಕುಂತ್ಕಳಿ, ಅಷ್ಟೇ. ನಾಳೆ ಶಿವಮ್ಮನ ಮನೆ."

"ಬಸವಿ, ನೀನಾದ್ರೂ ಹೇಳೇ!"

"ನಾನೇನ್ ಹೇಳ್ಲಿ? ಕರೆದೋರು ನೀವು. ನಂಗ ನಾಳೆ ಹಣ್ಣು ಉಳ ಆರಿಸೋ ಕೆಲ್ಸ. ನೀವೇ ಓಗ್ಬೇಕು. ಮುಯ್ಯಿ ತೀರ್ಸದ ಮನೆ ಅನ್ನುಸ್ಕಂಡು ನಾನು ಊರಲ್ಲಿ ತಲೆ ಎತ್ತಲಾ?"

ಅಲ್ಲಿಗೂ ಮುಗಿಯಲಿಲ್ಲ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಶಾಂತಮೂರ್ತಿಯನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ಮಾತು. ನ್ಯಾಯ ಅಂದ್ರೆ ನ್ಯಾಯ. ಈ ಹೆಂಗಸರು ಒಬ್ಬೊಬ್ರು ನೂರು ಕ್ಯಾಂಡಲ್ಲು. ಇವನ ಮೈಯಲ್ಲಿ ಮಾಂಸ ಎಲ್ಲಿದೆ? ಐವತ್ತು ದಾಟಲ್ಲ. ಮನೆಗೆ ಎರಡೆರಡು ದಿನ ಕೂರಬೇಕಾಗ್ತದೆ."

"ಅದೂ ಸರಿಯೇ," ಎಂದರು ಇಪ್ಪತ್ತೆರಡು ಜನ. ಅವತ್ತು ಇಡೀ ಸಂಘ ಒಮ್ಮತದಿಂದ ಒಪ್ಪಿದ ಠರಾವು ಅದೊಂದೇ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಶಾಂತಮೂರ್ತಿ ಮಳೆಯಲ್ಲೇ ಶಿವಮ್ಮನ ಮನೆಗೆ ಹೊರಟ. ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಬಸವಮ್ಮ ಟಕ್ಕೆಂದು ಹೀಟರು ಹಾಕಿದಳು. "ಹೊಸ ತಿಂಗಳು ಕಣ್ರಿ, ಇನ್ನೂರಕ್ಕಿನ್ನೂರೂ ಅದೆ," ಎಂದು ಅಲ್ಲಿಂದಲೇ ಕೂಗಿದಳು.

ಶಿವಮ್ಮ ಅವನನ್ನು ಬಾಗಿಲಲ್ಲಿ ನಿಲ್ಲಿಸಿ, ಜೇಬು ತಡಕಿ ಬೀಡಿ ಕಟ್ಟು ಕಿತ್ತುಕೊಂಡಳು. ಬಾಯಿ ಮುಕ್ಕಳಿಸಲು ಹೇಳಿದಳು, ಆ ಅನ್ನಿಸಿ ನೋಡಿದಳು. ಪರದೆಯ ಪಕ್ಕ ಮಣೆ ಹಾಕಿ ಕೂರಿಸಿದಳು. ಅವನು ಮೈ ಮುದುಡಿಕೊಂಡು ಕೂತ. ಒಂದು ಗಂಟೆ ಆಯಿತು. ಎರಡು ಗಂಟೆ ಆಯಿತು. ಅವನ ಹಲ್ಲೇ ಕಟಕಟ ಎನ್ನುತ್ತಿತ್ತು, ಅವನಿಂದ ಹುಳುವಿಗೆ ಶಾಖ ಎಲ್ಲಿಂದ ಬರಬೇಕು?

ಶಿವಮ್ಮ ಸೊಪ್ಪಿನ ಕೈ ಒರೆಸಿಕೊಂಡು ಬಂದು ಥರ್ಮಾಮೀಟರು ಬಗ್ಗಿ ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಇಪ್ಪತ್ತೊಂದ್ರಲ್ಲೇ ಅದೆ ಕಣಣ್ಣ. ಸುಮ್ನ ಕುಂತ್ರ ಆಗಲ್ಲ ಇದು. ಏಳು, ಒಂದೈವತ್ತು ಬಸ್ಕಿ ಹೊಡಿ."

ಶಾಂತಮೂರ್ತಿ ಪಂಚೆ ಎತ್ತಿಕಟ್ಟಿದ. ಕಿಟಕಿಯಾಚೆ ಕೊಡೆ ಹಿಡಿದು ನಿಂತಿದ್ದ ಮೇಷ್ಟ್ರು ಒಂದರಿಂದ ಎಣಿಸತೊಡಗಿದರು.